ಮುಂದಿನ ಕೆಲಸ ಪಕ್ಕದ ಮನೆಯಲ್ಲೇ ಇದೆ

ಕೇಳುಗರೇ, ನಮಸ್ಕಾರ.

ಮನೆಗಳಿಗೆ ಬಣ್ಣ ಹೊಡೆಯುವ ಕೆಲಸವನ್ನೇ ನಂಬಿ, ಮೂರ್ನಾಲ್ಕು ಜನರ ತಂಡ ಕಟ್ಟಿಕೊಂಡು ದುಡಿಯುತ್ತಿರುವ ಪೇಂಟರ್‌ಗಳ ಜೊತೆ ಇವತ್ತು ನನ್ನ ಮಾತು. ಜೊತೆಗೆ ಒಬ್ಬನೇ ಹುಡುಗ ಇದ್ದರೂ ಸರಿ, ನೀವೊಬ್ಬರೇ ಏಣಿ ಹತ್ತುವವರಾದರೂ ಸರಿ. ನಿಮಗೆ ಕಸುಬು ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಒಂದೇ, ಈ ಮನೆ ಮುಗಿದ ಮೇಲೆ ಮುಂದಿನ ಮನೆ ಯಾವುದು ಅನ್ನೋದು. ಒಂದು ತಿಂಗಳು ಉಸಿರಾಡೋಕೂ ಬಿಡುವಿಲ್ಲ, ಮುಂದಿನ ತಿಂಗಳು ಫೋನೇ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಥಟ್ಟನೆ ಹೊಳೆಯುವುದು ಎರಡು ದಾರಿ. ಕರಪತ್ರ ಹಂಚೋಣ, ಇಲ್ಲ ರೇಟು ಇಳಿಸೋಣ. ನಾನು ಅದಕ್ಕಿಂತ ಮೊದಲು ಬೇರೆ ಕಡೆ ನೋಡಿ ಅನ್ನುತ್ತೇನೆ. ಈಗ ನೀವು ಕೆಲಸ ಮಾಡುತ್ತಿರುವ ಮನೆಯ ಅಕ್ಕಪಕ್ಕ ನೋಡಿ. ಹಿಂದೆ ನೀವೇ ಬಣ್ಣ ಹೊಡೆದು ಬಂದ ಮನೆಗಳನ್ನು ನೋಡಿ. ಹೊಸ ಗಿರಾಕಿಗಳು ಹೆಚ್ಚಾಗಿ ಸಿಗುವುದು ಅಲ್ಲೇ.

ಯಾಕೆ ಅಂತ ಕೇಳಿ. ಬಣ್ಣ ಹೊಡೆಸುವುದು ಅಂದರೆ ಮನೆಯವರಿಗೆ ಸಣ್ಣ ವಿಷಯ ಅಲ್ಲ. ಗುರುತು ಪರಿಚಯ ಇಲ್ಲದವರು ದಿನಗಟ್ಟಲೆ ಮನೆಯೊಳಗೆ ಓಡಾಡುತ್ತಾರೆ. ಬೀರು, ಮಂಚ ಎಲ್ಲ ಜಾಗ ಬಿಟ್ಟು ಏಳುತ್ತವೆ. ಎಲ್ಲಿ ನೋಡಿದರೂ ಧೂಳು. ಗೋಡೆ ನುಣುಪು ಮಾಡುವ ಪುಟ್ಟಿ ಎಷ್ಟು ಕೋಟ್ ಹಾಕಿದರು, ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಹೊಡೆದರೋ ಇಲ್ಲವೋ, ಬಣ್ಣಕ್ಕೆ ನೀರು ಎಷ್ಟು ಬೆರೆಸಿದರು ಅನ್ನೋದು ಅವರಿಗೆ ತಿಳಿಯುವುದಿಲ್ಲ. ಕಣ್ಣಿಗೆ ಕಾಣದ ಕೆಲಸಕ್ಕೆ ದುಡ್ಡು ಕೊಡಬೇಕು. ಹಾಗಾಗಿ ಅವರು ಜಾಹೀರಾತು ಓದಿ ತೀರ್ಮಾನ ಮಾಡುವುದಿಲ್ಲ. ಇತ್ತೀಚೆಗೆ ಬಣ್ಣ ಹೊಡೆಸಿದವರನ್ನು ಹುಡುಕಿ, ‘ನಿಮ್ಮ ಪೇಂಟರ್ ಹೇಗೆ?’ ಅಂತ ಕೇಳುತ್ತಾರೆ. ಆಗ ನಿಮ್ಮ ಬಗ್ಗೆ ಏನು ಹೇಳುತ್ತಾರೆ ಅನ್ನೋದೇ ನಿಮ್ಮ ವ್ಯಾಪಾರ.

ಮನೆಯ ಹೊರಗೋಡೆಗೆ ಸಾರ್ವೆ ಕಟ್ಟಿದಿರಿ ಅಂದುಕೊಳ್ಳಿ. ಕೆಲಸ ಮುಗಿಯುವವರೆಗೆ ಇಡೀ ಬೀದಿ ನಿಮ್ಮನ್ನು ನೋಡುತ್ತಿರುತ್ತದೆ. ಬೆಳಿಗ್ಗೆ ಹೇಳಿದ ಹೊತ್ತಿಗೆ ಬಂದರಾ, ಕಿಟಕಿ ಗಾಜಿಗೆ ಪೇಪರ್ ಅಂಟಿಸಿದರಾ, ಬ್ರಷ್ ತೊಳೆದ ನೀರನ್ನು ಎಲ್ಲಿ ಚೆಲ್ಲಿದರು, ಸಂಜೆ ಹೋಗುವಾಗ ಖಾಲಿ ಡಬ್ಬಗಳನ್ನು ಒಂದು ಕಡೆ ಜೋಡಿಸಿಟ್ಟರಾ. ನೋಡುವವರು ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಎಲ್ಲ ಇಟ್ಟುಕೊಳ್ಳುತ್ತಾರೆ.

ಅದಕ್ಕೇ ಕೆಲಸ ಶುರು ಮಾಡುವ ಹಿಂದಿನ ದಿನ ಎರಡೂ ಪಕ್ಕದ ಮನೆಗಳಿಗೆ, ಎದುರು ಮನೆಗೆ ಹೋಗಿ ಬನ್ನಿ. ಬಾಗಿಲಲ್ಲೇ ನಿಂತು ಎರಡು ಮಾತು ಹೇಳಿದರೆ ಸಾಕು. ‘ನಾಳೆಯಿಂದ ಪಕ್ಕದ ಮನೆಗೆ ಪೇಂಟಿಂಗ್ ಕೆಲಸ ಇದೆ. ಗೋಡೆ ಉಜ್ಜುವಾಗ ಸ್ವಲ್ಪ ಧೂಳು ಬರುತ್ತೆ. ಆ ಹೊತ್ತಿಗೆ ಹೇಳ್ತೀವಿ, ಈ ಕಡೆಯ ಕಿಟಕಿ ಹಾಕಿಕೊಳ್ಳಿ. ಗಾಡಿ ಇದ್ದರೆ ನಾವೇ ಶೀಟ್ ಹೊದಿಸ್ತೀವಿ. ಏನಾದರೂ ತೊಂದರೆ ಆದರೆ ಈ ನಂಬರಿಗೆ ಫೋನ್ ಮಾಡಿ.’ ಅಷ್ಟೇ. ನಮಗೂ ಕೆಲಸ ಕೊಡಿ ಅಂತ ಕೇಳಲೇಬೇಡಿ. ನಿಮ್ಮ ನಂಬರ್ ಅವರ ಕೈಗೆ ಸೇರಿತು, ಈ ಮನುಷ್ಯ ಜವಾಬ್ದಾರಿ ಇರುವವನು ಅನ್ನೋದೂ ತಿಳಿಯಿತು. ಕಂತೆಗಟ್ಟಲೆ ಕರಪತ್ರಕ್ಕಿಂತ ಈ ಎರಡು ನಿಮಿಷದ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಧೂಳಿನ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ ಹೇಳಲೇಬೇಕು. ತುಂಬಾ ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಒಣಗಿದ ಹಳೇ ಬಣ್ಣವನ್ನು ಹಾಗೇ ಉಪ್ಪು ಕಾಗದದಲ್ಲಿ ಉಜ್ಜಿದರೆ ಆ ಸೀಸ ಧೂಳಾಗಿ ಹಾರುತ್ತದೆ. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಬಹಳ ಕೆಟ್ಟದ್ದು, ದಿನವೂ ಉಸಿರಾಡುವ ನಿಮ್ಮ ಹುಡುಗರಿಗೂ ಕೆಟ್ಟದ್ದು. ಹಳೇ ಮನೆಯಾದರೆ ಮೊದಲು ಬಣ್ಣವನ್ನು ಪರೀಕ್ಷೆ ಮಾಡಿಸಿ. ಅನುಮಾನ ಇದ್ದರೆ ಗೋಡೆಗೆ ನೀರು ಚಿಮುಕಿಸಿ ಒದ್ದೆ ಮಾಡಿಯೇ ಉಜ್ಜಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಧೂಳು ತಡೆಯುವ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿ ಹೆಂಗಸರು ಇದ್ದರೆ ಆ ದಿನ ಬೇರೆ ಕಡೆ ಇರಿ ಅಂತ ಹೇಳಿ. ಇದು ವ್ಯಾಪಾರಕ್ಕಾಗಿ ಮಾಡುವ ಕೆಲಸ ಅಲ್ಲ, ಮಾಡಲೇಬೇಕಾದ ಕೆಲಸ. ಆದರೆ ಇಷ್ಟು ಕಾಳಜಿ ಮಾಡಿದವರನ್ನು ಯಾವ ತಾಯಿಯೂ ಮರೆಯುವುದಿಲ್ಲ.

ಸರಿ, ಯಾರೋ ಫೋನ್ ಮಾಡಿದರು, ಬಂದು ನೋಡಿ ಅಂದರು. ಇಲ್ಲಿಯೇ ಎಷ್ಟೋ ಕೆಲಸ ಕೈ ತಪ್ಪುವುದು. ಪೇಂಟರ್ ಬರುತ್ತಾರೆ, ಹಾಲ್ ಮಧ್ಯೆ ನಿಂತು ನಾಲ್ಕು ಗೋಡೆ ನೋಡುತ್ತಾರೆ, ಚದರ ಅಡಿಗೆ ಇಷ್ಟು ಅಂತ ರೇಟು ಹೇಳಿ ಹೊರಡುತ್ತಾರೆ. ಆಗ ಮನೆಯವರ ಕೈಯಲ್ಲಿ ಉಳಿಯುವುದು ಬರೀ ರೇಟು. ನಾಳೆ ಇನ್ನೊಬ್ಬರು ಬಂದು ಒಂದು ರೂಪಾಯಿ ಕಮ್ಮಿ ಹೇಳಿದರೆ ಕೆಲಸ ಅವರದ್ದು.

ನೀವು ಹಾಗೆ ಮಾಡಬೇಡಿ. ಗೋಡೆಯ ಹತ್ತಿರ ಹೋಗಿ, ಮನೆಯವರನ್ನೂ ಜೊತೆಗೆ ಕರೆದುಕೊಳ್ಳಿ. ಹಳೇ ಗೋಡೆಗೆ ಅಂಗೈ ಒರೆಸಿ ತೋರಿಸಿ. ಬಿಳಿ ಪುಡಿ ಅಂಟಿಕೊಂಡರೆ, ಅದರ ಮೇಲೆ ನೇರವಾಗಿ ಹೊಡೆದ ಬಣ್ಣ ನಿಲ್ಲುವುದಿಲ್ಲ ಅಂತ ತಿಳಿಸಿ. ಚಕ್ಕೆ ಏಳುವ ಅನುಮಾನ ಇರುವ ಕಡೆ ಒಂದು ಟೇಪ್ ಗಟ್ಟಿಯಾಗಿ ಅಂಟಿಸಿ ಸರ್ರನೆ ಎಳೆಯಿರಿ. ಹಳೇ ಬಣ್ಣ ಟೇಪಿನ ಜೊತೆಗೇ ಕಿತ್ತು ಬಂದರೆ ಯಾಕೆ ಕೆರೆಯಬೇಕು ಅಂತ ವಿವರಿಸುವ ಕೆಲಸವೇ ಇರುವುದಿಲ್ಲ. ಗೋಡೆಯನ್ನು ಬೆರಳಿನಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಅಲ್ಲಿ ಪ್ಲಾಸ್ಟರ್ ಬಿಟ್ಟುಕೊಂಡಿರುತ್ತದೆ.

ತೇವ ಕಂಡರೆ ಇನ್ನೂ ಹುಷಾರು. ಒಂದೂವರೆ ಅಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಾಕಿ. 24 ಗಂಟೆ ಬಿಟ್ಟು ನೋಡಿ. ಹಾಳೆಯ ಒಳಮೈಗೆ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗೆದು ಗಾಳಿಯಾಡಲು ಬಿಡಬೇಕು. ಒಳಗಿಂದ ಬರುತ್ತಿದ್ದರೆ ಮನೆಯವರಿಗೆ ಸ್ಪಷ್ಟವಾಗಿ ಹೇಳಿ: ‘ಮೊದಲು ಪ್ಲಂಬರ್ ಕರೆಸಿ, ಇಲ್ಲ ಟೆರೇಸ್ ನೋಡಿಸಿ. ಸೋರಿಕೆ ನಿಲ್ಲದೆ ಬಣ್ಣ ಹೊಡೆದರೆ ನಿಮ್ಮ ದುಡ್ಡು ದಂಡ.’ ಹೊಸ ಮನೆ ಆದರೂ ಅಷ್ಟೇ. ಸಿಮೆಂಟ್ ಪ್ಲಾಸ್ಟರ್ ಆಗಿ ಕಡಿಮೆ ಅಂದರೆ 28 ದಿನ ಕಳೆಯಬೇಕು, ಗೋಡೆ ಪೂರಾ ಒಣಗಬೇಕು. ಅವಸರ ಮಾಡಿದರೆ ಬಣ್ಣದ ಮೇಲೆ ಬಿಳಿ ಉಪ್ಪು ಏಳುತ್ತದೆ, ಕಲೆ ಕಟ್ಟುತ್ತದೆ.

ಕೈಗೆ ಬಂದ ಕೆಲಸವನ್ನು ಮುಂದೂಡಿ ಅಂತ ಹೇಳೋದು ಕಷ್ಟ, ನನಗೆ ಗೊತ್ತು. ಅದೂ ಕೆಲಸ ಕಮ್ಮಿ ಇರುವ ತಿಂಗಳಲ್ಲಿ. ಆದರೂ ಹೇಳಿ. ಈಗ ಬೇಡ ಅಂದವರೇ ನಮ್ಮವರು ಅಂತ ಜನ ನಂಬುತ್ತಾರೆ. ಸೋರಿಕೆ ಸರಿಯಾದ ಮೇಲೆ ಮೊದಲ ಫೋನ್ ನಿಮಗೇ ಬರುತ್ತದೆ.

ಆಮೇಲೆ ಅಳತೆ. ಮನೆಯವರ ಮುಂದೆಯೇ ಟೇಪ್ ಹಿಡಿದು ಅಳೆಯಿರಿ. 12 ಅಡಿಗೆ 10 ಅಡಿ ಕೋಣೆ, ಎತ್ತರ 10 ಅಡಿ ಅಂದರೆ ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ಪ್ರೈಮರ್ ಆಗಿರುವ ನುಣುಪು ಗೋಡೆಗೆ ಒಂದು ಲೀಟರ್ ಎಮಲ್ಷನ್ ಬಣ್ಣ ಒಂದು ಕೋಟ್‌ಗೆ ಹೆಚ್ಚುಕಮ್ಮಿ 100ರಿಂದ 120 ಚದರ ಅಡಿ ಬರುತ್ತದೆ. ಎರಡು ಕೋಟ್‌ಗೆ ಏಳೆಂಟು ಲೀಟರ್. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಕೊಡಿ. ಯಾವ ಕಂಪನಿಯ ಯಾವ ಬಣ್ಣ, ಪುಟ್ಟಿ ಎಷ್ಟು ಕೋಟ್, ಪ್ರೈಮರ್ ಎಷ್ಟು, ಬಣ್ಣ ಎಷ್ಟು, ಎಷ್ಟು ದಿನ, ಅಡ್ವಾನ್ಸ್ ಎಷ್ಟು, ಸಾಮಾನು ಸರಿಸುವುದು ಯಾರು, ಕೊನೆಗೆ ಗುಡಿಸಿ ಒರೆಸುವುದು ಯಾರು. ಕೊಟೇಶನ್‌ನಲ್ಲಿ ಏನು ಸೇರಿಲ್ಲ ಅನ್ನೋದನ್ನೂ ಬರೆಯಿರಿ. ಗ್ರಿಲ್ಲಿಗೆ ಪೇಂಟ್ ಸೇರಿದೆಯಾ, ಬಾಗಿಲಿಗೆ ಪಾಲಿಶ್ ಸೇರಿದೆಯಾ ಅನ್ನೋ ಜಗಳ ಕೆಲಸದ ಮಧ್ಯೆ ಬರಬಾರದು.

ಇಷ್ಟಾದ ಮೇಲೂ ‘ಇನ್ನೊಬ್ಬರು ಕಮ್ಮಿಗೆ ಮಾಡ್ತಾರಂತೆ’ ಅನ್ನುವವರು ಇರುತ್ತಾರೆ. ಅದು ಅವರ ತಪ್ಪಲ್ಲ. ನಿಮ್ಮ ಚೀಟಿಯನ್ನೇ ಅವರ ಮುಂದೆ ಇಟ್ಟು ಮಾತಾಡಿ. ಬಜೆಟ್ ಕಮ್ಮಿ ಇದ್ದರೆ ಕೆಲಸವನ್ನು ಕಮ್ಮಿ ಮಾಡಿ: ಮಲಗುವ ಕೋಣೆ ಈಗ ಬೇಡ, ಹಾಲ್ ಮಾತ್ರ ಮಾಡೋಣ. ಅದೇ ಕೆಲಸಕ್ಕೆ ಸುಮ್ನೆ ರೇಟು ಇಳಿಸಿದರೆ ಅದನ್ನು ಎಲ್ಲಿಂದ ಸರಿದೂಗಿಸುತ್ತೀರಿ? ಒಂದು ಕೋಟ್ ತಪ್ಪಿಸಿ, ಇಲ್ಲ ಹುಡುಗರ ಕೂಲಿ ಹಿಡಿದು. ಎರಡೂ ನಿಮ್ಮ ಹೆಸರಿಗೇ ಹೊಡೆತ.

ಫೋನು, ಇಂಟರ್ನೆಟ್ಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ವ್ಯಾಪಾರದ ಹೆಸರು ಕಾಣುವ ಹಾಗೆ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ. ಅದಕ್ಕೆ ಹಣ ಕೊಡಬೇಕಿಲ್ಲ. ಅಂಗಡಿ ಇಲ್ಲದಿದ್ದರೂ ಪರವಾಗಿಲ್ಲ, ಯಾವ ಯಾವ ಕಡೆ ಕೆಲಸ ಮಾಡುತ್ತೀರಿ ಅಂತ ತೋರಿಸಬಹುದು. ವಾಟ್ಸಾಪ್ ಬಿಸಿನೆಸ್ 2018ರಲ್ಲಿ ಬಂತು, ಅದರ ಕ್ಯಾಟಲಾಗ್‌ನಲ್ಲಿ ನಿಮ್ಮ ಕೆಲಸದ ಫೋಟೋಗಳನ್ನು ಇಟ್ಟುಕೊಳ್ಳಬಹುದು. ಫೋಟೋ ಮಾತ್ರ ನಿಮ್ಮದೇ ಕೆಲಸದ್ದು ಇರಲಿ, ಮನೆಯವರ ಒಪ್ಪಿಗೆ ಇರಲಿ. ಕೆಲಸಕ್ಕೆ ಮೊದಲು ಎಲ್ಲಿ ನಿಂತು ತೆಗೆದಿರೋ, ಮುಗಿದ ಮೇಲೂ ಅಲ್ಲೇ ನಿಂತು, ಹಗಲು ಬೆಳಕಿನಲ್ಲೇ ತೆಗೆಯಿರಿ. ಕಿತ್ತು ಹೋದ ಮೂಲೆ, ಪುಟ್ಟಿ ಹಾಕಿದ ಮೂಲೆ, ಮುಗಿದ ಮೂಲೆ. ಹೀಗೆ ಮೂರು ಫೋಟೋ ಇದ್ದರೆ ನೋಡುವವರಿಗೆ ನಿಮ್ಮ ಕೈ ಏನು ಅಂತ ತಿಳಿಯುತ್ತದೆ. ಯಾರಾದರೂ ಬೇಸರದಿಂದ ರಿವ್ಯೂ ಬರೆದರೆ ವಾದಕ್ಕೆ ಇಳಿಯಬೇಡಿ, ಬಂದು ಸರಿ ಮಾಡಿಕೊಡುತ್ತೇವೆ ಅಂತ ಬರೆದು, ಹೋಗಿ ಸರಿ ಮಾಡಿ.

ಬಣ್ಣದ ಅಂಗಡಿಯವರು, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಇವರ ಜೊತೆ ಒಳ್ಳೆಯ ಒಡನಾಟ ಇರಲಿ. ಗೋಡೆ ಒಡೆದು ವೈರಿಂಗ್ ಮಾಡಿದ ಮನೆಗೆ ಆಮೇಲೆ ಪೇಂಟರ್ ಬೇಕೇ ಬೇಕಲ್ವಾ? ಬಾಡಿಗೆ ಮನೆ ನೋಡಿಕೊಳ್ಳುವವರ ಪರಿಚಯವೂ ಇರಲಿ. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ಮಧ್ಯೆ ಇರುವುದು ಕೆಲವೇ ದಿನ. ಅಷ್ಟರಲ್ಲಿ ಮುಗಿಸಿ ಕೊಡುವವರು ಸಿಕ್ಕರೆ ಅವರು ಬೇರೆಯವರನ್ನು ಹುಡುಕುವುದಿಲ್ಲ.

ಇನ್ನು ಹಳೇ ಗಿರಾಕಿಗಳು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಆಸ್ತಿ, ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದೂ ಇದೇ. ಒಂದು ನೋಟ್‌ಬುಕ್ ಇಡಿ. ಒಂದು ಮನೆಗೆ ಒಂದು ಪುಟ. ಕೆಲಸ ಮುಗಿದ ತಾರೀಕು, ಕೋಣೆ ಕೋಣೆಯ ಅಳತೆ, ಬಣ್ಣದ ಹೆಸರು ಮತ್ತು ನಂಬರು. ಮಷೀನಿನಲ್ಲಿ ಬಣ್ಣ ಬೆರೆಸಿ ಕೊಟ್ಟಾಗ ಡಬ್ಬದ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸುತ್ತಾರೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಉಳಿದ ಬಣ್ಣವನ್ನು ಸಣ್ಣ ಡಬ್ಬಕ್ಕೆ ಹಾಕಿ, ಗಾಳಿ ಹೋಗದಂತೆ ಮುಚ್ಚಿ, ಮೇಲೆ ‘ಹಾಲ್, ಟಿವಿ ಗೋಡೆ’ ಅಂತ ಬರೆದು ಮನೆಯವರಿಗೇ ಕೊಟ್ಟು ಬನ್ನಿ. ಎರಡು ವರ್ಷದ ಮೇಲೆ ಮಗು ಗೋಡೆ ಮೇಲೆ ಗೀಚಿತು, ಸೋಫಾ ತಾಗಿ ಗೀರು ಬಿತ್ತು ಅಂತ ಅವರು ಫೋನ್ ಮಾಡಿದಾಗ ‘ನಿಮ್ಮ ಹಾಲ್ ಬಣ್ಣದ ನಂಬರ್ ನನ್ನ ಹತ್ತಿರ ಇದೆ’ ಅಂತ ನೀವು ಹೇಳಬೇಕು. ಆ ಕಡೆಯವರ ದನಿಯಲ್ಲೇ ಖುಷಿ ಗೊತ್ತಾಗುತ್ತದೆ.

ಹೊರಗೋಡೆ ಮಾಡಿದ ಮನೆಗೆ ಮೊದಲ ಮಳೆಗಾಲ ಕಳೆದ ಮೇಲೆ ಒಮ್ಮೆ ಹೋಗಿ ನೋಡಿ ಬನ್ನಿ. ಸಜ್ಜಾದ ಕೆಳಗೆ, ಕಿಟಕಿಯ ಮೂಲೆಯಲ್ಲಿ, ಪೈಪ್ ಹಾದು ಹೋದ ಕಡೆ ಬಿರುಕು ಕಂಡರೆ ಆಗಲೇ ತುಂಬಿಬಿಡಿ. ದುಡ್ಡು ಕೇಳಬೇಡಿ. ದುಡ್ಡು ತೆಗೆದುಕೊಂಡು ಹೋದ ಪೇಂಟರ್ ಕರೆಯದೇ ವಾಪಸ್ ಬಂದ ಅನ್ನೋದನ್ನು ಅವರು ಹತ್ತು ಜನರ ಮುಂದೆ ಹೇಳುತ್ತಾರೆ. ಹೊರಗಿನ ಬಣ್ಣ ಬಿಸಿಲು ಮಳೆಗೆ ಸೊರಗುತ್ತದೆ, ಕೆಲವು ವರ್ಷಕ್ಕೆ ಮತ್ತೆ ಹೊಡೆಸಲೇಬೇಕು. ಆ ಹೊತ್ತಿಗೆ ನೋಟ್‌ಬುಕ್ ತಿರುವಿ ನೀವೇ ಒಂದು ಫೋನ್ ಮಾಡಿ.

ಸಣ್ಣ ಕೆಲಸ ಅಂತ ಯಾವುದನ್ನೂ ಬಿಡಬೇಡಿ. ಒಂದು ಗೇಟು, ಒಂದು ಬಚ್ಚಲಿನ ಸೀಲಿಂಗ್, ಒಂದೇ ಗೋಡೆ. ದಿನಗೂಲಿಯೂ ಗಿಟ್ಟದಿರಬಹುದು, ಅದಕ್ಕೇ ಕನಿಷ್ಠ ಇಷ್ಟು ಅಂತ ಮೊದಲೇ ಹೇಳಿ ಒಪ್ಪಿಕೊಳ್ಳಿ. ಇಡೀ ಮನೆ ಕೊಡುವ ಮೊದಲು ನಿಮ್ಮನ್ನು ಪರೀಕ್ಷೆ ಮಾಡುವುದಕ್ಕೆ ಅವರಿಗಿರುವ ದಾರಿ ಅದೊಂದೇ.

ಕೊನೆಯ ದಿನ ಸಾಮಾನು ಕಟ್ಟುವ ಮೊದಲು ಮನೆಯವರ ಜೊತೆ ಕೋಣೆ ಕೋಣೆ ಸುತ್ತಿ. ಟಾರ್ಚನ್ನು ಗೋಡೆಗೆ ಅಡ್ಡವಾಗಿ ಹಿಡಿಯಿರಿ. ರೋಲರ್ ಗೆರೆ, ಪುಟ್ಟಿ ಉಬ್ಬು ಎಲ್ಲ ಆ ಬೆಳಕಿಗೆ ಎದ್ದು ಕಾಣುತ್ತದೆ. ಅವರು ತೋರಿಸುವ ಮೊದಲು ನೀವೇ ತೋರಿಸಿ, ಅಲ್ಲೇ ಟಚಪ್ ಮಾಡಿ. ಸ್ವಿಚ್ ಬೋರ್ಡಿನ ಮೇಲಿನ ಹನಿ, ನೆಲದ ಅಂಚಿನ ಕಲೆ ಒರೆಸಿ. ಅವರು ನೋಡಿ ಚೆನ್ನಾಗಿದೆ ಅಂದ ಕ್ಷಣದಲ್ಲೇ ಕೇಳಿ: ‘ನಿಮ್ಮ ನೆಂಟರಲ್ಲಿ, ಆಫೀಸಿನಲ್ಲಿ ಯಾರಾದರೂ ಬಣ್ಣ ಹೊಡೆಸಬೇಕು ಅಂತಿದ್ದರೆ ನಮ್ಮ ನಂಬರ್ ಕೊಡಿ.’ ಸಂಕೋಚ ಬೇಡ. ಕೇಳದಿದ್ದರೆ ಅವರಿಗೆ ಹೊಳೆಯುವುದೇ ಇಲ್ಲ. ಹಾಗೆ ಬಂದ ಹೊಸ ಫೋನಿಗೆ ಮೊದಲ ಪ್ರಶ್ನೆ ‘ನಮ್ಮ ನಂಬರ್ ಯಾರು ಕೊಟ್ಟರು?’ ಅಂತಿರಲಿ. ಆ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೊಟ್ಟವರಿಗೆ ಅವತ್ತೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಿ.

ನಮಸ್ಕಾರ.