ರೋಹಿಣಿ ಮಳ್ಯಾಗ ರೋಹಿಣಿ ಕಾಣಂಗಿಲ್ಲ

ಶರಣ್ರೀ ಎಲ್ಲಾರಿಗೂ. ನಾನೊಬ್ಬ ಹೈಸ್ಕೂಲ್ ಸೈನ್ಸ್ ಮಾಸ್ತರ, ಈಗ ಇರೋದು ಕುಷ್ಟಗಿ ಕಡೆ, ಹುಟ್ಟಿ ಬೆಳೆದಿದ್ದು ಸಿಂಧನೂರು ತಾಲೂಕಿನಾಗ. ಚುಕ್ಕಿ ನೋಡೋ ಹುಚ್ಚಿನ ಬಗ್ಗೆ ರೇಡಿಯೋದಾಗ ಒಂದೀಟು ಮಾತಾಡ್ರಿ ಅಂದಾರ, ಮಾತಾಡ್ತೀನಿ, ಆದ್ರ ಶುರುವಿಗೇ ಒಂದು ಹೇಳಿಬಿಡ್ತೀನಿ, ನಮ್ಮೂರ ಆಕಾಶದಾಗ ನನ್ನ ಕಾಲಕ್ಕ ಆದ ಎಲ್ಲಕ್ಕಿಂತ ದೊಡ್ಡ ಸಂಗತಿನ ನಾನು ನೋಡೇ ಇಲ್ಲ.

1980, ಫೆಬ್ರವರಿ 16, ಶನಿವಾರ. ಪೂರ್ಣ ಸೂರ್ಯಗ್ರಹಣ. ಕಾರವಾರ ಕಡೆಯಿಂದ ನೆರಳು ಬಂದು ಹುಬ್ಬಳ್ಳಿ ಗದಗ ದಾಟಿ ನಮ್ಮ ರಾಯಚೂರು ಮ್ಯಾಲ ಹಾದು ಆಂಧ್ರಕ್ಕ, ಅಲ್ಲಿಂದ ಒಡಿಶಾಕ್ಕ ಹೋತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ದುರ್ಬೀನು, ಕ್ಯಾಮೆರಾ, ಏನೇನೋ ಪೆಟ್ಟಿಗಿ ಹೇರಿಕೊಂಡು ಬಂದು ನಮ್ಮ ಜವಳಗೇರಾದಾಗ ಡೇರೆ ಹಾಕಿದ್ರು. ಪ್ರಪಂಚದ ಕಣ್ಣೆಲ್ಲಾ ಈ ಪಟ್ಟಿ ಮ್ಯಾಲ ಇತ್ತು, ನಾವು ಮಾತ್ರ ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ವಿ. ನನಗಾಗ ಹತ್ತು ವರ್ಷ. ನಮ್ಮಜ್ಜಿ ನೀರಿಗೆ ದರ್ಬಿ ಹಾಕಿ, ನಮ್ಮನ್ನೆಲ್ಲಾ ಪಡಸಾಲ್ಯಾಗ ಸಾಲಾಗಿ ಕುಂದ್ರಿಸಿ, ಕಿಟಕಿಗೆ ಗೋಣಿಚೀಲ ಕಟ್ಟಿದ್ಲು. ಮಧ್ಯಾಹ್ನ ಮೂರೂವರಿ ದಾಟಿದ ಮ್ಯಾಲ ಗೋಣಿಚೀಲದ ಸಂದಿನ್ಯಾಗಿನ ಬೆಳಕು ಕಂದಿಕೊಂತ ಬಂತು, ಆಮೇಲೆ ಪೂರ್ತಿ ಕತ್ತಲು, ಹಿತ್ತಲದಾಗ ಕೋಳಿ ಗೂಡು ಸೇರಿದ ಸಪ್ಪಳ ಕೇಳಿತು ಅಷ್ಟ. ಎರಡೂವರಿ ನಿಮಿಷದ ಮ್ಯಾಲ ಆ ಕತ್ತಲು. ಹಾಡಹಗಲಾಗ ಚುಕ್ಕಿ ಮೂಡಿದ್ವಂತ, ನಾ ನೋಡಿದ್ದು ಗೋಣಿಚೀಲ. ಇನ್ನ ನಮ್ಮ ದೇಶದಾಗ ಪೂರ್ಣ ಗ್ರಹಣ ಕಾಣಬೇಕಂದ್ರ 2034ರ ಮಾರ್ಚ್‌ನಾಗ ಲಡಾಖ್ ಕಡೆ ಹೋಗಬೇಕು. ಹೋಗ್ತೀನಿ, ಕಾಲು ಗಟ್ಟಿ ಇದ್ರ.

ಅಜ್ಜಿನ್ನ ಬೈಯಂಗಿಲ್ರಿ ನಾನು. ಯಾಕಂದ್ರ ನನಗ ಆಕಾಶ ತೋರಿಸಿದವಳೂ ಆಕಿನ. ಬೆಳ್ಳಿಚುಕ್ಕಿ ಮೂಡ್ತು ಏಳ್ರೋ ಅಂತ ಎಬ್ಬಿಸ್ತಿದ್ಲು, ಇಪ್ಪತ್ತೇಳು ಮಳಿ ಹೆಸರೂ ಅಶ್ವಿನಿಯಿಂದ ರೇವತಿ ತನಕ ಬಾಯಿಪಾಠ. ರೋಹಿಣಿ ಮಳಿ ಆದ್ರ ಓಣಿ ತುಂಬ ಜೋಳ ಅಂತ ಆಕಿ ಹೇಳಿದ್ದಕ್ಕ ನಾನು, ಹಂಗಾದ್ರ ರೋಹಿಣಿ ಚುಕ್ಕಿ ತೋರಿಸಬೇ ಅಂತ ಗಂಟುಬಿದ್ದೆ, ಅದು ಮೇ ಕಡೀ ವಾರ, ಅಂಗಳದಾಗ ನಿಂತು ಇಬ್ಬರೂ ಹುಡುಕಿದ್ದ ಹುಡುಕಿದ್ದು, ಸಿಗ್ಲಿಲ್ಲ. ಎಷ್ಟೋ ವರ್ಷದ ಮ್ಯಾಲ ತಿಳೀತು ನನಗ, ರೋಹಿಣಿ ಮಳಿ ಅಂದ್ರ ಸೂರ್ಯ ರೋಹಿಣಿ ನಕ್ಷತ್ರದ ಜಾಗದಾಗ ಇರೋ ಹದಿಮೂರು ಹದಿನಾಲ್ಕು ದಿನ. ವರ್ಷದ 365 ದಿನಾನ 27 ಪಾಲು ಮಾಡ್ರಿ, ಅಷ್ಟ ಬರ್ತೈತಿ. ಸೂರ್ಯನ ಬೆನ್ನಿಗೆ ಇರೋ ಚುಕ್ಕಿ ಕಾಣೋದು ಹೆಂಗ? ರೋಹಿಣಿ ಮಳ್ಯಾಗ ರೋಹಿಣಿ ಕಾಣಂಗಿಲ್ಲ, ಮಘಿ ಮಳ್ಯಾಗ ಮಘಿ ಕಾಣಂಗಿಲ್ಲ. ಅಂದ್ರ ಯಾರೋ ಹಿಂದಿನವರು ಕಾಣದ ಚುಕ್ಕಿ ಎಲ್ಲೈತಿ ಅಂತ ಲೆಕ್ಕ ಹಾಕಿದಾರ, ಅದೂ ವರ್ಷಾನುಗಟ್ಟಲೆ ಸಂಜಿ ಮುಂಜಾನಿ ನೋಡಿ ನೋಡಿ. ಪಂಚಾಂಗದ ಬುಡದಾಗ ಇರೋದು ಈ ನೋಡೋ ಕೆಲಸಾನ, ನಾವು ಅದನ್ನ ಬಿಟ್ಟು ಬರೀ ರಾಹುಕಾಲ ಹಿಡ್ಕೊಂಡೀವಿ.

ಹಂಗಾದ್ರ ರೋಹಿಣಿ ಯಾವಾಗ ನೋಡೋದ್ರಿ? ಡಿಸೆಂಬರ್. ಎಳ್ಳ ಅಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಿ ಸಜ್ಜಿ ರೊಟ್ಟಿ ಪುಂಡಿಪಲ್ಯ ತಿಂದು ಬರ್ತೀವಲ್ಲ, ಅವತ್ತು ಸಂಜಿಕ ಮನಿಗೆ ಓಡಿ ಬರಬ್ಯಾಡ್ರಿ, ಅಲ್ಲೇ ಉಳೀರಿ. ಅಮಾಸಿ, ಚಂದ್ರ ಇಲ್ಲ, ಎರಿ ಹೊಲದಾಗ ದೂರದೂರಕ್ಕ ಲೈಟ್ ಇಲ್ಲ. ಮೂಡಣದಾಗ ಕೃತ್ತಿಕಾ ಗೊಂಚಲು, ಅದರ ಕೆಳಗ ಕೆಂಪನ ರೋಹಿಣಿ, ಇನ್ನೂ ಕೆಳಗ ಮೃಗಶಿರದ ಹತ್ರ ಸಾಲಾಗಿ ಮೂರು ಚುಕ್ಕಿ. ಕಣ್ಣು ಕತ್ತಲಿಗೆ ಹೊಂದಾಕ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಆ ಅರ್ಧ ತಾಸು ಮೊಬೈಲ್ ತೆಗೀಬ್ಯಾಡ್ರಿ, ಒಂದು ಸಲ ವಾಟ್ಸಾಪ್ ನೋಡಿದ್ರ ಮತ್ತ ಮೊದಲಿಂದ ಶುರು. ಬ್ಯಾಟ್ರಿಗೆ ಕೆಂಪು ಜಿಲೇಟಿನ್ ಹಾಳಿ ಕಟ್ಟಿಕೊಳ್ರಿ. ಹೊರಸಿನ ಮ್ಯಾಲ ಮಲ್ಕೊಳ್ರಿ, ನೆಲದ ಮ್ಯಾಲ ಬ್ಯಾಡ, ಚೇಳಿನ ಹೊಲ ಅದು.

ನಾನು ಪ್ರತಿ ವರ್ಷ ಡಿಸೆಂಬರ್ 13, 14ರ ರಾತ್ರಿ ಹುಡುಗರನ್ನ ಕರ್ಕೊಂಡು ಒಂದು ಹೊಲಕ್ಕ ಹೋಗ್ತೀನಿ. ಆ ಹೊತ್ತಿಗೆ ಮಿಥುನ ರಾಶಿ ಕಡೆಯಿಂದ ಉಲ್ಕೆ ಬೀಳ್ತಾವ, ನಮ್ಮ ಪುನರ್ವಸು ನಕ್ಷತ್ರ ಐತಲ್ಲ, ಅದರ ಮಗ್ಗುಲಿಂದ ಹೊರಟಂಗ ಕಾಣ್ತಾವ. ರಾತ್ರಿ ಎಂಟಕ್ಕ ಪುನರ್ವಸು ಮೂಡ್ತೈತಿ, ಎರಡು ಗಂಟಿ ಹೊತ್ತಿಗೆ ನೆತ್ತಿ ಮ್ಯಾಲ. ಆಗ ನೋಡ್ರಿ ಸುಗ್ಗಿ. ನಾಲ್ಕು ಜನ ನಾಲ್ಕು ದಿಕ್ಕು ಹಂಚಿಕೊಂಡು, ಬಿದ್ದಾಗೊಮ್ಮೆ ಒಂದು ಗೀಟು, ಹದಿನೈದು ನಿಮಿಷಕ್ಕೊಮ್ಮೆ ಟೈಮು, ಮೋಡ ಎಷ್ಟೈತಿ, ಇಷ್ಟು ಬರದ್ರ ಮುಗೀತು. ಮೊದಲ ವರ್ಷ ಏನಾತಂದ್ರ, ರಾತ್ರಿ ಒಂದು ಗಂಟಿಗೆ ನಾವು ಕೆಂಪು ಲೈಟ್ ಹಿಡ್ಕೊಂಡು ಪಿಸುಪಿಸು ಮಾತಾಡೋದನ್ನ ಬಾಜೂ ಹೊಲದ ಯಜಮಾನ್ರು ನೋಡಿ, ಪಂಪ್‌ಸೆಟ್ ಕೇಬಲ್ ಕಳ್ಳರು ಅಂತ ತಿಳ್ಕೊಂಡು, ಬಡಿಗಿ ತಗೊಂಡು ಇಬ್ಬರು ಮಕ್ಕಳ ಜೋಡಿ ಬಂದುಬಿಟ್ರು. ನಾ ಮಾಸ್ತರ್ರೀ ಅಂತ ಒದರಿದೆ. ಮಾಸ್ತರಾದ್ರ ಇಷ್ಟೊತ್ತಿನಾಗ ಇಲ್ಲೇನ್ ಕೆಲಸ ಅಂದ್ರು, ಅದೂ ಖರೇನ. ಆ ಹೊತ್ತಿಗೆ ಸರಿಯಾಗಿ ಒಂದು ದೊಡ್ಡದು, ಹಸಿರು ಹೊಡೀತಿತ್ತು, ತೆಂಕಣಕ್ಕ ಜಾರಿ ಹೋತು, ನಮ್ಮ ನೆರಳು ನೆಲದ ಮ್ಯಾಲ ಬಿತ್ತು. ಯಜಮಾನ್ರು ಬಡಿಗಿ ಕೆಳಗ ಇಟ್ಟು ಅಲ್ಲೇ ಕುಂತ್ರು, ಮುಂಜಾನಿ ತನಕ ಎದ್ದು ಹೋಗ್ಲಿಲ್ಲ.

ಚುಕ್ಕಿ ಬಿತ್ತು ಅಂತೀವಿ, ಬೀಳೋದು ಚುಕ್ಕಿ ಅಲ್ರಿ. ಮಳಲಿನ ಕಣದಿಂದ ಹಿಡಿದು ಜೋಳದ ಕಾಳು, ಬಟಾಣಿ ಕಾಳಿನಷ್ಟು ಕಸ ಅದು. ಸಾಮಾನ್ಯಕ್ಕ ಧೂಮಕೇತು ಸೂರ್ಯನ ಸುತ್ತ ಹೋಗೋವಾಗ ಉದುರಿಸಿದ್ದು, ಡಿಸೆಂಬರ್‌ನವು ಮಾತ್ರ ಫೇಥನ್ ಅಂತ ಒಂದು ಕ್ಷುದ್ರಗ್ರಹದ್ದು, 1983ರಾಗ ಉಪಗ್ರಹದ ಕಣ್ಣಿಗೆ ಸಿಕ್ಕಿದ್ದು ಅದು. ಈ ಕಾಳು ಸೆಕೆಂಡಿಗೆ 35 ಕಿಲೋಮೀಟರ್ ವೇಗದಾಗ ಗಾಳಿಗೆ ಬಡೀತಾವ, ಕೊಪ್ಪಳದಿಂದ ಹೊಸಪೇಟಿಗೆ ಒಂದು ಸೆಕೆಂಡು ಅಂತ ತಿಳ್ಕೊಳ್ರಿ. ಸುಮಾರು ನೂರು ಕಿಲೋಮೀಟರ್ ಎತ್ತರದಾಗ ಉರಿದು ಹೋಗ್ತಾವ. ನವೆಂಬರ್‌ನ ಸಿಂಹ ರಾಶಿ ಉಲ್ಕೆಗಳದ್ದು 71 ಕಿಲೋಮೀಟರ್, ಕಣ್ಣು ಮಿಟುಕಿಸಿದ್ರ ತಪ್ಪಿಹೋತು. ಆಗಸ್ಟ್ ತಿಂಗಳದಾಗೂ ಒಂದು ಒಳ್ಳೆ ಉಲ್ಕಾಮಳಿ ಐತಿ, ಪೇಪರ್‌ನಾಗ ಬಾಳ ಬರೀತಾರ, ಆದ್ರ ನಮಗ ಆವಾಗ ಮೋಡ, ಬಿಡ್ರಿ ಅದನ್ನ.

ಇನ್ನೊಂದು, ಇದು ರೇಡಿಯೋ ಕೇಳೋರಿಗೆ ಅಂತ ಇಟ್ಕೊಂಡಿದ್ದೆ. ಉಲ್ಕೆಯನ್ನ ರೇಡಿಯೋದಾಗೂ ಹಿಡೀಬಹುದು! ಉರಿದು ಹೋದ ಗೆರಿ ಐತಲ್ಲ, ಅಲ್ಲಿ ಗಾಳಿಗೆ ವಿದ್ಯುತ್ ಅಂಶ ಬಂದಿರ್ತೈತಿ, ಅದು ಕನ್ನಡಿ ಹಂಗ ಎಫ್‌ಎಂ ಅಲೆ ತಿರುಗಿಸಿ ಕಳಸ್ತೈತಿ. ನಮ್ಮ ಎಫ್‌ಎಂ ಮಾಮೂಲಿ ನೂರು ಕಿಲೋಮೀಟರ್ ಆಸುಪಾಸಿನಾಗ ಕೇಳಿ ಮುಗೀತೈತಿ. ಆದ್ರ ಹತ್ರದ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕ ಮುಳ್ಳು ತಿರುವಿ, ಬರೀ ಸುಯ್ ಅನ್ನೋ ಸಪ್ಪಳ ಇಟ್ಕೊಂಡು, ಉದ್ದನ ತಂತಿ ಮಾಳಗಿ ಮ್ಯಾಲ ಕಟ್ಟಿ ಕುಂತ್ರ, ಒಮ್ಮಿಂದೊಮ್ಮೆ ಸಾವಿರ ಕಿಲೋಮೀಟರ್ ಆಚೆಯ ಸ್ಟೇಷನ್ ಅರ್ಧ ಸೆಕೆಂಡ್ ಮಾತಾಡಿ ಮಾಯ ಆಗ್ತೈತಿ. ಯಾವ ಭಾಷಿ ಅಂತಾನೂ ತಿಳಿಯಂಗಿಲ್ಲ. ಮೋಡ ಇದ್ರೂ ನಡೀತೈತಿ, ಹಗಲಿಗೂ ನಡೀತೈತಿ. ಬೆಳಗಿನ ಜಾವ ಹೆಚ್ಚು, ಯಾಕಂದ್ರ ಆ ಹೊತ್ತಿಗೆ ನಾವಿರೋ ಮಗ್ಗುಲು ಭೂಮಿ ಓಡೋ ದಿಕ್ಕಿಗೆ ಮುಖ ಮಾಡಿರ್ತೈತಿ, ಬೈಕ್ ಮ್ಯಾಲ ಹೋಗೋವಾಗ ಮಳಿಹನಿ ಎದಿಗೇ ಬಡಿದಂಗ.

ಟೆಲಿಸ್ಕೋಪ್ ಯಾವುದು ತಗೋಬೇಕ್ರಿ ಸರ್ ಅಂತ ಕೇಳೋ ತಾಯಿತಂದಿ ಬಾಳ ಮಂದಿ. ಸದ್ಯಕ್ಕ ಯಾವುದೂ ಬ್ಯಾಡ. ನಾನೂ ಒಂದು ತರಿಸಿದ್ದೆ ಆನ್‌ಲೈನ್‌ನಾಗ, ಡಬ್ಬಿ ಮ್ಯಾಲ 525 ಪಟ್ಟು ದೊಡ್ಡದು ಕಾಣ್ತೈತಿ ಅಂತ ಶನಿ ಫೋಟೋ ಹಾಕಿದ್ರು, ಒಳಗ ಅರವತ್ತು ಮಿಲಿಮೀಟರ್ ಮಸೂರ, ಮೂರು ಕಡ್ಡಿ ಕಾಲು, ಉಸುರು ಬಿಟ್ರ ಅಲುಗ್ತಿತ್ತು. ಮಸೂರ ಎಷ್ಟು ಮಿಲಿಮೀಟರ್ ಐತೋ ಅದರ ಎರಡರಷ್ಟು ಪಟ್ಟಿಗಿಂತ ಮ್ಯಾಲ ಹೋದ್ರ ಚಿತ್ರ ಮಸಕಾಗೋದು ಬಿಟ್ಟರ ಲಾಭ ಇಲ್ಲ, ಅಂದ್ರ ಅದಕ್ಕ 120 ಕಡೀ ಗಡಿ. ಅದೇ ರೊಕ್ಕಕ್ಕ 10x50 ಬೈನಾಕುಲರ್ ಬರ್ತೈತಿ, ಅಂದ್ರ ಹತ್ತು ಪಟ್ಟು ದೊಡ್ಡದು ತೋರಿಸೋ, ಐವತ್ತು ಮಿಲಿಮೀಟರ್ ಮಸೂರದ್ದು. ಕತ್ತಲದಾಗ ನಮ್ಮ ಕಣ್ಣಿನ ಪಾಪಿ ಹೆಚ್ಚಂದ್ರ ಏಳು ಮಿಲಿಮೀಟರ್ ಅಗಲ ಆಗ್ತೈತಿ, ಐವತ್ತರ ಮಸೂರ ಅದರ ಐವತ್ತು ಪಟ್ಟು ಬೆಳಕು ಹಿಡೀತೈತಿ. ಟ್ರ್ಯಾಕ್ಟರ್ ಟ್ರಾಲಿ ಅಂಚಿಗೆ ಮೊಣಕೈ ಊರಿ ಗುರು ಗ್ರಹ ನೋಡ್ರಿ, ಮಗ್ಗುಲದಾಗ ಸೂಜಿಮೊನಿ ಹಂಗ ಎರಡೋ ಮೂರೋ ನಾಲ್ಕೋ ಚಂದ್ರ. ನಾಳೆ ನೋಡಿದ್ರ ಜಾಗ ಬದಲಿ. 1610ರಾಗ ಗೆಲಿಲಿಯೋ ನೋಡಿದ್ದು ಇದನ್ನ.

ಶನಿಯ ಉಂಗುರ ನೋಡಾಕ ಮಾತ್ರ ಟೆಲಿಸ್ಕೋಪ್ ಬೇಕು. ಆದ್ರ ಶನಿ ನಡಿಗಿ ನೋಡಾಕ ಏನೂ ಬ್ಯಾಡ, ವರ್ಷಕ್ಕ ನಾಲ್ಕು ಸಲ ಯಾವ ಚುಕ್ಕಿ ಹತ್ರ ಐತಿ ಅಂತ ಬರೀರಿ ಸಾಕು. ಮೂವತ್ತು ವರ್ಷದ ಹತ್ರ ಬೇಕು ಅದಕ್ಕ ಒಂದು ಸುತ್ತಿಗೆ, ಹನ್ನೆರಡು ರಾಶಿಗೆ ಹಂಚಿದ್ರ ಒಂದಕ್ಕ ಎರಡೂವರಿ ವರ್ಷ, ಮೂರು ರಾಶಿ ಸೇರಿದ್ರ ಏಳೂವರಿ. ಸಾಡೇಸಾತಿ ಅಂತ ಹೆದರಿಸ್ತಾರಲ್ಲ, ಆ ಅಂಕಿ ಬಂದದ್ದು ಇಲ್ಲಿಂದ. ಅಂಕಿ ಬಾಳ ಚಲೋ ಐತಿ, ಹೆದರಿಕಿ ನಮ್ಮದು.

ದೊಡ್ಡ ವಿಜ್ಞಾನಿಗಳು ಇರೋವಾಗ ನಾವು ಬರದು ಏನಾಗಬೇಕು ಅಂತ ಕೇಳ್ತೀರಿ. ನೋಡ್ರಿ, ಲಡಾಖ್‌ನ ಹಾನ್ಲೆದಾಗ ಸುಮಾರು 4500 ಮೀಟರ್ ಎತ್ತರಕ್ಕ ಎರಡು ಮೀಟರ್ ಟೆಲಿಸ್ಕೋಪ್ ಐತಿ, ಅದನ್ನ ನಡೆಸೋದು ನಮ್ಮ ಬೆಂಗಳೂರು ಬಾಜೂ ಹೊಸಕೋಟೆಯಿಂದ, ಉಪಗ್ರಹದ ಮೂಲಕ. ತಮಿಳುನಾಡಿನ ಕಾವಲೂರಿನಾಗ 2.34 ಮೀಟರಿಂದು ಐತಿ, ಖಗೋಳ ವಿಜ್ಞಾನಿ ವೇಣು ಬಾಪು ಅವರ ಹೆಸರಿಂದು. ಇವುಗಳ ಮ್ಯಾಲ ವಿಜ್ಞಾನಿಗೆ ಅರ್ಜಿ ಹಾಕಿದ್ರ ಎಣಿಸಿ ಕೆಲವು ರಾತ್ರಿ ಸಿಗ್ತಾವ, ಆ ರಾತ್ರಿ ಮೋಡ ಆದ್ರ ಹಣೇಬರ. ನಮಗ ಹಂಗಲ್ಲ, ಎಲ್ಲಾ ರಾತ್ರಿನೂ ನಮ್ಮವೇ. 2009ರಾಗ ಗುರುವಿಗೆ ಏನೋ ಬಡಿದ ಕಪ್ಪು ಗಾಯ ಮೊದಲು ನೋಡಿದವ ಆಂಟನಿ ವೆಸ್ಲಿ, ಆಸ್ಟ್ರೇಲಿಯಾದ ಹವ್ಯಾಸಿ. 2019ರಾಗ ಸೂರ್ಯಮಂಡಲದ ಹೊರಗಿಂದ ಬಂದ ಧೂಮಕೇತು ಹಿಡಿದವ ಬೋರಿಸೋವ್, ಅವನೂ ಹವ್ಯಾಸಿನ.

ನನಗ ಎಲ್ಲಾರಿಗಿಂತ ಹತ್ತಿರ ಅನಸೋದು ರಾಧಾಗೋವಿಂದ ಚಂದ್ರ. 1878ರಾಗ ಜೆಸ್ಸೋರ್ ಸೀಮಿಯಾಗ ಹುಟ್ಟಿದವರು, ಈಗದು ಬಾಂಗ್ಲಾದೇಶ. ಎಂಟ್ರೆನ್ಸ್ ಪರೀಕ್ಷಿ, ಅಂದ್ರ ಆಗಿನ ಮ್ಯಾಟ್ರಿಕ್, ಮೂರು ಸಲ ಫೇಲ್. ಟ್ರೆಜರಿಯಾಗ ರೊಕ್ಕ ಎಣಿಸೋ ನೌಕರಿ. 1910ರಾಗ ಹ್ಯಾಲಿ ಧೂಮಕೇತು ನೋಡಿ ಹುಚ್ಚು ಹಿಡೀತು, ಮೂರಿಂಚಿನ ಟೆಲಿಸ್ಕೋಪ್ ಇಂಗ್ಲೆಂಡ್‌ನಿಂದ ತರಿಸಿಕೊಂಡ್ರು, ಬೆಳಕು ಹೆಚ್ಚುಕಡಿಮಿ ಆಗೋ ನಕ್ಷತ್ರ ನೋಡಿ ಬರದು ಅಮೆರಿಕದ ಸಂಘಕ್ಕ ಕಳಿಸಿದ್ರು. ಎಷ್ಟು? 37 ಸಾವಿರದ ಮ್ಯಾಲ! ಹಗಲೆಲ್ಲಾ ನಾಣ್ಯ ಎಣಿಸಿ ರಾತ್ರಿ ಚುಕ್ಕಿ. ಅಲ್ಲಿನವರು ಮೆಚ್ಚಿ ಆರಿಂಚಿನ ಟೆಲಿಸ್ಕೋಪ್ ಕಳಿಸಿಕೊಟ್ರು, ಮುಂದ ಅದೇ ಟೆಲಿಸ್ಕೋಪ್ ವೇಣು ಬಾಪು ಕೈಗೆ ಬಂದು ಕಾವಲೂರು ಸೇರಿತು.

ಅವರಷ್ಟು ನನ್ನ ಕೈಲಿ ಆಗಲ್ರಿ. ಆದ್ರ ನನ್ನ ನೋಟ್‌ಬುಕ್‌ನಾಗ ಒಂದು ಪುಟ ಐತಿ, ಅದನ್ನ ಬಂದವರಿಗೆಲ್ಲಾ ತೋರಿಸ್ತೀನಿ. ಆರಿದ್ರಾ ನಕ್ಷತ್ರ, ಮೃಗಶಿರದ ಮಗ್ಗುಲಿನ ಕೆಂಪಂದು, ಮಾಮೂಲಿ ರೋಹಿಣಿಗಿಂತ ಹೊಳಪು ಹೆಚ್ಚು. 2019ರ ಕಡಿಗೆ ಅದು ಇಳೀಲಿಕ್ಕೆ ಹತ್ತಿತು. ಮೊದಲ ನನ್ನ ಕನ್ನಡಕದ ನಂಬರ್ ಬದಲಾತೇನೋ ಅಂದ್ಕೊಂಡೆ. ಜನವರಿಯಾಗ ರೋಹಿಣಿಗಿಂತ ಕಡಿಮಿ, 2020ರ ಫೆಬ್ರವರಿಯಾಗ ಇನ್ನೂ ಇಳಿದು ಪೂರಾ ಸಪ್ಪಗ. ನಕ್ಷತ್ರ ಸಿಡೀತೈತಿ ಅಂತ ಟಿವಿಯವರು ಚೀರಿದ್ರು, ಸಿಡೀಲಿಲ್ಲ, ಏಪ್ರಿಲ್ ಹೊತ್ತಿಗೆ ಮತ್ತ ಮೊದಲಿನಂಗ ಆತು. ತಾನೇ ಉಗುಳಿದ ಧೂಳು ತನಗ ಅಡ್ಡ ಬಂದಿತ್ತು ಅಂತ ಆಮೇಲೆ ವಿಜ್ಞಾನಿಗಳು ಕಂಡುಹಿಡಿದ್ರು. ಬರೀ ಕಣ್ಣಿಲೆ, ಹೊರಸಿನ ಮ್ಯಾಲ ಮಲ್ಕೊಂಡು ನಾನೂ ಅದನ್ನ ನೋಡಿದ್ದೆ, ತಾರೀಖು ಹಾಕಿ ಬರದಿಟ್ಟಿದ್ದೆ.

ಮತ್ತ ನಮ್ಮ ಜಾಗನೂ ಚಲೋ ಜಾಗ. ಕೈ ಚಾಚಿ ಮುಷ್ಟಿ ಹಿಡಿದ್ರ ಹತ್ತು ಡಿಗ್ರಿ ಲೆಕ್ಕ, ನಮ್ಮಲ್ಲಿ ಧ್ರುವ ನಕ್ಷತ್ರ ಬಡಗಣ ಅಂಚಿನಿಂದ ಒಂದೂವರಿ ಮುಷ್ಟಿ ಮ್ಯಾಲ ಅಷ್ಟ, ಅದು ಅಷ್ಟು ಕೆಳಗ ಇರೋದಕ್ಕ ತೆಂಕಣದ ಚುಕ್ಕಿ ನಮಗ ಹೆಚ್ಚು ಸಿಗ್ತಾವ. ಮೇ ತಿಂಗಳು ರಾತ್ರಿ ಒಂಬತ್ತಕ್ಕ ಸೆಕಿ ತಡೀಲಾರದ ಮಾಳಗಿ ಏರ್ತೀರಲ್ಲ, ತೆಂಕಣಕ್ಕ ನೋಡ್ರಿ, ತ್ರಿಶಂಕು ನಿಂತಿರ್ತೈತಿ, ನಾಲ್ಕು ಚುಕ್ಕಿ. ದಿಲ್ಲಿಯವರಿಗೆ ಅದರ ಬುಡದ ಚುಕ್ಕಿ ಮೂಡೋದೇ ಇಲ್ಲ.

ಆ ಬಡಿಗಿ ತಂದಿದ್ದ ಯಜಮಾನ್ರ ಮಾತು ಬಾಕಿ ಉಳೀತು. ಹೋದ ಡಿಸೆಂಬರ್‌ನಾಗ ನನಗ ಜ್ವರ, ಹೊಲಕ್ಕ ಹೋಗಲಿಲ್ಲ. ಮರುದಿನ ಮುಂಜಾನಿ ಅವರದೇ ಫೋನು. ಸರ್, ನೀವು ಬರ್ಲಿಲ್ಲ, ನಾನ ಎಣಿಸೀನಿ ಅಂದ್ರು. ಎಷ್ಟ್ರಿ ಅಂದೆ. ಬಂದು ನೋಡ್ರಿ ಅಂದ್ರು. ಎರಡು ದಿನ ಬಿಟ್ಟು ಹೋದೆ, ಪೆನ್ನಿಲ್ಲ ಹಾಳಿಲ್ಲ ಅಂತ ಮೋಟಾರ್ ಮನಿ ಗೋಡಿ ಮ್ಯಾಲ ಇದ್ದಲಿಲೆ ಗೀಟು ಎಳೆದಿದ್ರು, ಐದೈದರ ಕಟ್ಟು ಕಟ್ಟಿ, ಕರೆಂಟ್ ಬಂದ ಹೊತ್ತಿಗೆ ಒಂದು ಅಡ್ಡಗೆರಿ, ಹೋದ ಹೊತ್ತಿಗೆ ಇನ್ನೊಂದು. ತ್ರೀ ಫೇಸ್ ಕರೆಂಟ್ ಯಾವಾಗ ಕೊಡ್ತಾರ ಅಂತ ನಮ್ಮೂರಾಗ ಎಲ್ಲಾರಿಗೂ ಗೊತ್ತು, ಟೈಮು ಅದರಾಗೇ ಬಂದಂಗಾತು. ಎಣಿಸಿದೆ, 84. ನೋಟ್‌ಬುಕ್ಕಿಗೆ ಇಳಿಸಿಕೊಂಡೆ, ಯುಗಾದಿಗೆ ಈ ಗೋಡಿಗೆ ಮಾತ್ರ ಸುಣ್ಣ ಹೊಡೀಬ್ಯಾಡ್ರಿ ಅಂತ ಹೇಳಿ ಬಂದೀನಿ.