ಬಸ್ಸಿಳಿದು ಮಾವೋರಿಗಳ ಅಂಗಳಕ್ಕೆ

ಕೇಳುಗರೇ, ನಮಸ್ಕಾರ.

ನ್ಯೂಜಿಲೆಂಡ್ ನೋಡಿ ಬಂದವರು ಹಿಮದ ಬೆಟ್ಟ, ಸರೋವರ, ಕುರಿಮಂದೆಗಳ ಫೋಟೋ ತೋರಿಸುತ್ತಾರೆ. ನಾನು ಇವತ್ತು ಅಲ್ಲಿನ ಮಾವೋರಿ ಜನರ ಬಗ್ಗೆ ಹೇಳುತ್ತೇನೆ. ಯುರೋಪಿನವರಿಗಿಂತ ನೂರಾರು ವರ್ಷ ಮೊದಲೇ ದೋಣಿಗಳಲ್ಲಿ ಪೆಸಿಫಿಕ್ ಸಾಗರ ದಾಟಿ ಬಂದವರು ಅವರು. ಅವರ ಮನೆಬಾಗಿಲಿಗೆ ಜಾಸ್ತಿ ಖರ್ಚಿಲ್ಲದೆ ಹೋಗಬೇಕೆಂದರೆ ಬ್ಯಾಕ್‌ಪ್ಯಾಕರ್ ಬಸ್ಸು ಒಳ್ಳೆಯ ದಾರಿ.

ಈ ಬಸ್ಸಿಗೆ ಒಂದು ಪಾಸ್ ಕೊಂಡರೆ ಸಾಕು. ಬೇಕಾದ ಊರಲ್ಲಿ ಇಳಿಯಬಹುದು, ಉಳಿಯಬಹುದು, ಮುಂದೆ ಬರುವ ಬಸ್ಸು ಹಿಡಿಯಬಹುದು. ರಾತ್ರಿ ಹಾಸ್ಟೆಲಿನ ಮಂಚ, ಅಡುಗೆಗೆ ಎಲ್ಲರಿಗೂ ಸೇರಿದ ಅಡುಗೆಮನೆ. ಚಾಲಕರೇ ದಾರಿಯುದ್ದಕ್ಕೂ ಮೈಕಿನಲ್ಲಿ ಊರಿನ ಕಥೆ ಹೇಳುತ್ತಾರೆ. ಆಕ್ಲೆಂಡಿನಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಸಿಗುವ ದೊಡ್ಡ ತಾಣ ವೈತೊಮೊ, ಮಿಣುಕುಹುಳಗಳ ಗುಹೆ. 1887ರಲ್ಲಿ ಅದರೊಳಗೆ ಹೋಗಿ ನೋಡಿದವರು ಮಾವೋರಿ ಮುಖಂಡ ಟಾನೆ ಟಿನೊರಾವ್ ಮತ್ತು ಇಂಗ್ಲಿಷ್ ಸರ್ವೇಯರ್ ಫ್ರೆಡ್ ಮೇಸ್. ಆಮೇಲೆ ಟಿನೊರಾವ್ ತಾವೇ ಜನರನ್ನು ಕರೆದುಕೊಂಡು ಹೋಗಿ ತೋರಿಸತೊಡಗಿದರು. 1906ರಲ್ಲಿ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಮೂಲ ಒಡೆಯರ ವಂಶದವರಿಗೆ ಅದು ಮರಳಿ ಸಿಕ್ಕಿದ್ದು 1989ರಲ್ಲಿ. ಇವತ್ತು ಅಲ್ಲಿ ದೀಪ ಹಿಡಿದು ನಿಮ್ಮ ಮುಂದೆ ನಡೆಯುವ ಗೈಡ್ ಆ ಮನೆತನದವರೇ ಆಗಿರಬಹುದು.

ಅಲ್ಲಿಂದ ರೊಟೊರುವಾ. ಊರು ಕಾಣುವ ಮೊದಲೇ ಗಂಧಕದ ವಾಸನೆ ಬಸ್ಸಿನೊಳಗೆ ಬರುತ್ತದೆ. ನೆಲದಿಂದ ಹಬೆ ಏಳುತ್ತಿರುತ್ತದೆ. ಊರಂಚಿನ ಫಾಕರೆವರೆವಾ ಹಳ್ಳಿಯಲ್ಲಿ ಜನ ಇಂದಿಗೂ ಆ ಹಬೆಯಲ್ಲೇ ಅಡುಗೆ ಬೇಯಿಸುತ್ತಾರೆ. ಕುದಿಯುವ ಕೊಳದಲ್ಲಿ ಜೋಳದ ತೆನೆ ಇಳಿಬಿಡುತ್ತಾರೆ. ನೆಲ ಅಷ್ಟು ಬಿಸಿಯಿರುವುದರಿಂದ ಸಮಾಧಿಗಳನ್ನೂ ನೆಲದ ಮೇಲೆಯೇ ಕಟ್ಟಿದ್ದಾರೆ.

"ಟಿಕೆಟ್ ತೆಗೆದುಕೊಂಡು ನೋಡುವ ಸಂಸ್ಕೃತಿ ನಿಜವಾದದ್ದಾ?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಇಲ್ಲಿನವರು ಪ್ರವಾಸಿಗಳನ್ನು ಬರಮಾಡಿಕೊಳ್ಳುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲೇ ತರವೆರಾ ಸರೋವರದ ಬಳಿಯ ತೆ ವೈರೋವಾ ಹಳ್ಳಿಯಿಂದ ಮಾವೋರಿ ಹೆಂಗಸರು ವಿದೇಶಿಯರನ್ನು ಬಿಸಿನೀರಿನಲ್ಲಿದ್ದ ಸಿಲಿಕಾ ಎಂಬ ಖನಿಜ ಹೆಪ್ಪುಗಟ್ಟಿ ತಾನಾಗಿಯೇ ಮೂಡಿದ್ದ ಗುಲಾಬಿ ಮತ್ತು ಬಿಳಿ ಬಣ್ಣದ ಮೆಟ್ಟಿಲುಗಳಿಗೆ ಕರೆದೊಯ್ಯುತ್ತಿದ್ದರು. 1886ರ ಜೂನ್ 10ರಂದು ತರವೆರಾ ಬೆಟ್ಟ ಸಿಡಿಯಿತು. ಹಳ್ಳಿ ಕೆಸರು ಬೂದಿಯಲ್ಲಿ ಹೂತುಹೋಯಿತು. ನೂರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಾವೋರಿಗಳು. ಸೋಫಿಯಾ ಹಿನೆರಂಗಿ ಎಂಬ ಗೈಡ್ ಆ ರಾತ್ರಿ ತನ್ನ ಮನೆಯಲ್ಲಿ ಹತ್ತಾರು ಜನರಿಗೆ ಆಸರೆ ಕೊಟ್ಟು ಉಳಿಸಿದಳು. ಬದುಕುಳಿದವರಲ್ಲಿ ಎಷ್ಟೋ ಮಂದಿ ಫಾಕರೆವರೆವಾಕ್ಕೆ ಬಂದು ನೆಲೆಸಿದರು. ಸೋಫಿಯಾ ಅಲ್ಲೂ ಗೈಡ್ ಆದಳು. ಅದೇ ಹಳ್ಳಿಯ ಇನ್ನೊಬ್ಬ ಗೈಡ್ ಮಕೆರೆಟಿ ಪಾಪಾಕುರಾ ಮುಂದೆ ಆಕ್ಸ್‌ಫರ್ಡಿನಲ್ಲಿ ತನ್ನ ಜನರ ಬಗ್ಗೆಯೇ ಓದಿ ಬರೆದಳು. ಪ್ರಬಂಧ ಒಪ್ಪಿಸುವ ಮೊದಲೇ 1930ರಲ್ಲಿ ತೀರಿಕೊಂಡಳು. ವಿಶ್ವವಿದ್ಯಾಲಯ ಆಕೆಗೆ ಪದವಿ ಕೊಟ್ಟದ್ದು 2025ರಲ್ಲಿ! ಹೀಗೆ ತಲೆಮಾರುಗಳಿಂದ ತಮ್ಮ ಕಥೆಯನ್ನು ತಾವೇ ಹೇಳಿಕೊಂಡು ಬಂದವರು ಇವರು. ಟಿಕೆಟ್ ಇದೆ ಎಂದ ಮಾತ್ರಕ್ಕೆ ಅದನ್ನು ನಾಟಕ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಸ್ವಾಗತದ ವಿಷಯ. ಅದಕ್ಕೆ ಪೊಫಿರಿ ಎನ್ನುತ್ತಾರೆ. ಮರಾಯೆ, ಅಂದರೆ ಸಭಾಮನೆಯ ಅಂಗಳಕ್ಕೆ, ಸುಮ್ನೆ ನುಗ್ಗುವ ಹಾಗಿಲ್ಲ. ಬಾಗಿಲಲ್ಲಿ ಎಲ್ಲರೂ ಒಟ್ಟಾಗಿ ನಿಲ್ಲಬೇಕು. ಪ್ರವಾಸಿಗಳಿಗಾಗಿ ನಡೆಸುವ ಕಾರ್ಯಕ್ರಮಗಳಲ್ಲಿ ಬಸ್ಸಿನವರೇ ತಮ್ಮಲ್ಲೊಬ್ಬರನ್ನು ಮುಖಂಡ ಎಂದು ಆರಿಸುತ್ತಾರೆ. ಬೆಳಿಗ್ಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರದವರು ಸಂಜೆಗೆ ಒಂದು ತಂಡವಾಗಿ ನಿಂತಿರುತ್ತಾರೆ. ಒಬ್ಬ ಯೋಧ ಈಟಿಯಂಥ ಆಯುಧ ತಿರುಗಿಸುತ್ತಾ, ಕಣ್ಣರಳಿಸಿ, ನಾಲಿಗೆ ಚಾಚಿ ಮುಂದೆ ಬರುತ್ತಾನೆ. ನೆಲದ ಮೇಲೆ ಒಂದು ಎಲೆ ಇಡುತ್ತಾನೆ. ನಮ್ಮ ಮುಖಂಡ ಅವನ ಮುಖದಿಂದ ಕಣ್ಣು ತೆಗೆಯದೆ ಅದನ್ನು ಎತ್ತಿಕೊಂಡರೆ, ಜಗಳಕ್ಕಲ್ಲ, ಸ್ನೇಹಕ್ಕೆ ಬಂದಿದ್ದೇವೆ ಎಂದು ಒಪ್ಪಿಕೊಂಡಂತೆ. ಈ ಹೊತ್ತಿನಲ್ಲಿ ಕೆಲವರಿಗೆ ನಗು ಬರುತ್ತದೆ. ದಯವಿಟ್ಟು ನಗಬೇಡಿ.

ಆಮೇಲೆ ಒಳಗಿನಿಂದ ಹೆಂಗಸೊಬ್ಬಳು ದನಿಯೆತ್ತಿ ಕರೆಯುತ್ತಾಳೆ. ಆ ಕರೆ ಬದುಕಿರುವವರಿಗೆ ಮಾತ್ರವಲ್ಲ, ನಮ್ಮ ಜೊತೆ ಬಂದ ನಮ್ಮ ಹಿರಿಯರಿಗೂ ಸೇರುತ್ತದೆ. ಭಾಷಣ, ಪ್ರತಿ ಭಾಷಣದ ಬೆನ್ನಿಗೆ ಹಾಡು. ಕೊನೆಗೆ ಹೊಂಗಿ: ಮೂಗಿಗೆ ಮೂಗು, ಹಣೆಗೆ ಹಣೆ ಮೆಲ್ಲಗೆ ತಾಗಿಸಿ ಉಸಿರು ಹಂಚಿಕೊಳ್ಳುವುದು. ಟಾನೆ ದೇವರು ಮಣ್ಣಿನಿಂದ ಮೊದಲ ಹೆಣ್ಣನ್ನು ಮಾಡಿ ಮೂಗಿಗೆ ಉಸಿರೂದಿದ ಎಂಬ ಕಥೆ ಇದರ ಹಿಂದಿದೆ. ಇದಾದ ಮೇಲೆ ನೀವು ಹೊರಗಿನವರಲ್ಲ.

ಸಭಾಮನೆಯೇ ಒಬ್ಬ ಪೂರ್ವಜರ ಮೈ. ಮಾಡಿನ ತುದಿಯ ತೊಲೆ ಬೆನ್ನುಮೂಳೆ, ಅಡ್ಡಪಟ್ಟಿಗಳು ಪಕ್ಕೆಲುಬು, ಮುಂದೆ ಇಳಿಬಿದ್ದ ಹಲಗೆಗಳು ಚಾಚಿದ ತೋಳು. ಚಪ್ಪಲಿ ಹೊರಗೆ ಬಿಡಬೇಕು, ಊಟದ ಮೇಜಿನ ಮೇಲೆ ಕೂರಬಾರದು, ತಲೆ ಪವಿತ್ರವಾದ್ದರಿಂದ ದಿಂಬಿನ ಮೇಲೆಯೂ ಕೂರಬಾರದು. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದೇನು ಕಷ್ಟವಲ್ಲ, ಅಲ್ವಾ? ಒಂದು ಸಂಜೆಯಷ್ಟೇ ಸಮಯವಿದ್ದರೆ ಹಾಡು, ಹಾಕಾ ಎಂಬ ಅಬ್ಬರದ ಕುಣಿತ, ಊಟ ಇರುವ ಕಾರ್ಯಕ್ರಮ ನೋಡಿ. ಆದರೆ ಮರಾಯೆಯಲ್ಲಿ ರಾತ್ರಿ ಉಳಿಸುವ ಪ್ರವಾಸ ಸಿಕ್ಕರೆ ಅದನ್ನೇ ಹಿಡಿಯಿರಿ. ಎಲ್ಲರೂ ಸಾಲಾಗಿ ಹಾಸಿಗೆ ಹಾಕಿ ಮಲಗಿ, ಬೆಳಿಗ್ಗೆ ಆ ಮನೆಯವರ ಜೊತೆ ಪಾತ್ರೆ ತೊಳೆಯುವಾಗ ಸಿಗುವ ಮಾತುಕತೆ ವೇದಿಕೆಯ ಮುಂದೆ ಸಿಗುವುದಿಲ್ಲ.

ಊಟದ ಬಗ್ಗೆ ಒಂದು ಮಾತು. ಹಾಂಗಿ ಎಂದರೆ ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲುಗಳ ಮೇಲೆ ಬುಟ್ಟಿಗಳನ್ನಿಟ್ಟು, ಒದ್ದೆ ಬಟ್ಟೆ, ಮಣ್ಣು ಮುಚ್ಚಿ ಗಂಟೆಗಟ್ಟಲೆ ಬೇಯಿಸುವುದು. ಮಾಂಸದ ಜೊತೆ ಕುಮರಾ ಎಂಬ ಗೆಣಸು, ಆಲೂಗಡ್ಡೆ, ಕುಂಬಳವೂ ಇರುತ್ತವೆ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ತಿಳಿಸಿ, ಬುಟ್ಟಿಯನ್ನು ಬೇರೆ ಇಡಲು ಕೇಳಿ.

ಹೋಗುವುದು ಯಾವಾಗ? ಜೂನ್–ಜುಲೈ ಅಲ್ಲಿ ಚಳಿಗಾಲ. ಆದರೂ ನಾನು ಆ ಕಾಲವನ್ನೇ ಹೇಳುತ್ತೇನೆ. ನಮ್ಮ ಕೃತ್ತಿಕೆಯನ್ನು ಅವರು ಮತಾರಿಕಿ ಎನ್ನುತ್ತಾರೆ. ಅದು ಮುಂಜಾನೆ ಮತ್ತೆ ಮೂಡುವುದೇ ಅವರ ಹೊಸ ವರ್ಷ. 2022ರಿಂದ ಅದಕ್ಕೆ ಇಡೀ ದೇಶದಲ್ಲಿ ರಜೆ. ಬೆಳಗಿನ ಜಾವದ ಪೂಜೆಗೆ ಊರೂರಲ್ಲಿ ಜನ ಸೇರುತ್ತಾರೆ. ದಪ್ಪ ಸ್ವೆಟರ್ ಇಟ್ಟುಕೊಂಡು ಹೋಗಿ. ನಮಸ್ಕಾರ.