ಕಾಜಲ್ ಕೇಳಿದ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ಊರು ಬಿಟ್ಟು ಹೊರಟ ಗಡ್ಡಧಾರಿ ಯುವಕನೊಬ್ಬ ದಾರಿಯಲ್ಲಿ ತಿರುಗಿ ನೋಡುತ್ತಾನೆ. ಅಷ್ಟು ದೂರದಲ್ಲಿ ಐದು ವರ್ಷದ ಹುಡುಗನೊಬ್ಬ ನಿಂತಿದ್ದಾನೆ. ಹತ್ತಿರ ಬರಲೊಲ್ಲ, ಮನೆಗೆ ಮರಳಲೂ ಒಲ್ಲ. ನನ್ನ ಜೊತೆ ಬರುತ್ತೀಯಾ ಎಂದು ಯುವಕ ಕೇಳುತ್ತಾನೆ. ಅಪ್ಪನ ಹತ್ತಿರ ಕರೆದುಕೊಂಡು ಹೋಗುತ್ತೀಯಾ ಎಂದು ಹುಡುಗನ ಮರುಪ್ರಶ್ನೆ. ಹೂಂ ಎನ್ನುತ್ತಾನೆ ಯುವಕ. ಹಾಗಾದರೆ ನೀನು ಯಾರು ಎಂದರೆ, ನಿನ್ನ ಗೆಳೆಯ ಎನ್ನುತ್ತಾನೆ. ಹುಡುಗ ಓಡಿಬರುತ್ತಾನೆ, ಯುವಕ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಾನೆ.

ಸತ್ಯಜಿತ್ ರೇ ಅವರ ಅಪು ಚಿತ್ರತ್ರಯ ಇಲ್ಲಿಗೆ ಮುಗಿಯುತ್ತದೆ. ಆ ಯುವಕನೇ ಅಪು. 1955ರ ‘ಪಥೇರ್ ಪಾಂಚಾಲಿ’, 1956ರ ‘ಅಪರಾಜಿತೋ’, 1959ರ ‘ಅಪೂರ್ ಸಂಸಾರ್’ – ಈ ಮೂರನ್ನೂ ಕ್ರಮವಾಗಿ ನೋಡಿ ಬಂದವರಿಗೆ, ಕೆಲವೇ ಮಾತುಗಳ ಈ ದೃಶ್ಯದಲ್ಲಿ ಗಂಟಲು ಕಟ್ಟದೆ ಇರುವುದು ಕಷ್ಟ. ಮೂರನೆಯದನ್ನಷ್ಟೇ ನೋಡಿದವರ ಕಣ್ಣೂ ತೇವಗೊಳ್ಳುತ್ತದೆ, ನಿಜ. ಆದರೆ ಅವರು ಮರುಗುವುದು ಒಬ್ಬ ತಂದೆ ಮತ್ತು ಒಬ್ಬ ಮಗನಿಗಾಗಿ. ಮೂರನ್ನೂ ನೋಡಿದವರಿಗೆ ಆ ಹೆಗಲು ಯಾರ ಯಾರ ಸಾವನ್ನು ಹೊತ್ತು ಬಂದಿದೆ ಎಂಬುದು ಗೊತ್ತಿರುತ್ತದೆ.

ಈ ಚಿತ್ರಗಳು ಮುಗಿಯುವ ಬಗೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಮೊದಲನೆಯದರಲ್ಲಿ ಅಪುವಿನ ಅಕ್ಕ ದುರ್ಗಾ ತೀರಿಕೊಂಡ ಮೇಲೆ ತಂದೆ ಹರಿಹರನ ಕುಟುಂಬ ಎತ್ತಿನ ಗಾಡಿ ಏರಿ ಊರು ಬಿಡುತ್ತದೆ. ಬಿಟ್ಟುಹೋದ ಮನೆಯೊಳಕ್ಕೆ ಹಾವೊಂದು ಹರಿದು ಹೋಗುತ್ತದೆ. ಎರಡನೆಯದರಲ್ಲಿ, ಕಾಶಿಯಲ್ಲಿ ತಂದೆಯನ್ನು ಕಳೆದುಕೊಂಡ ಅಪು ಈಗ ತಾಯಿಯನ್ನೂ ಕಳೆದುಕೊಂಡು, ಅವಳ ಉತ್ತರಕ್ರಿಯೆಗೆಂದು ಹಳ್ಳಿಯಲ್ಲಿ ನಿಲ್ಲದೆ, ಗಂಟು ಹಿಡಿದು ಕಲ್ಕತ್ತಾದ ದಾರಿ ಹಿಡಿಯುತ್ತಾನೆ. ಎರಡೂ ಕಡೆ ಹೊರಡುವುದೆಂದರೆ ಯಾರನ್ನೋ ಕಳೆದುಕೊಂಡು ಹೊರಡುವುದು. ಮೂರನೆಯ ಚಿತ್ರವೂ ಒಂದು ಹೊರಡುವಿಕೆಯಲ್ಲೇ ಮುಗಿಯುತ್ತದೆ, ಆದರೆ ಈ ಸಲ ಹೊರಟವನ ಜೊತೆಗೆ ಇನ್ನೊಂದು ಜೀವವಿದೆ. ಸುಮಾರು ಐದೂವರೆ ಗಂಟೆಗಳ ಕಾಲ ನಾವು, ನಮಗೇ ಅರಿವಿಲ್ಲದೆ, ಕಾಯುತ್ತಿದ್ದದ್ದು ಈ ಒಂದು ವ್ಯತ್ಯಾಸಕ್ಕಾಗಿ.

ರೈಲಿನ ಮಾತನ್ನೂ ಇಲ್ಲಿ ಹೇಳಬೇಕು. ಬಿಳಿಯ ಹುಲ್ಲುಹೂಗಳ ಬಯಲಿನಲ್ಲಿ ಅಕ್ಕ ತಮ್ಮ ಓಡಿಹೋಗಿ ನೋಡುವ ಆ ಮೊದಲ ರೈಲು ಬರಿಯ ಬೆರಗು. ಮುಂದೆ ಅದೇ ರೈಲು ಮಗನನ್ನು ತಾಯಿಯಿಂದ ದೂರ ಒಯ್ಯುತ್ತದೆ. ಕಲ್ಕತ್ತಾದಲ್ಲಿ ಅಪುವಿನ ಬಾಡಿಗೆ ಕೋಣೆ ಹಳಿಗಳ ಪಕ್ಕದಲ್ಲೇ ಇದೆ; ಶಿಳ್ಳೆ ಕೇಳಿದರೆ ಹೆಂಡತಿ ಅಪರ್ಣಾ ಕಿವಿ ಮುಚ್ಚಿಕೊಳ್ಳುತ್ತಾಳೆ. ಹೆರಿಗೆಯಲ್ಲಿ ಅವಳು ಸತ್ತ ಮೇಲೆ ಅಪು ಸಾಯಲೆಂದು ಹೋಗಿ ನಿಲ್ಲುವುದೂ ಹಳಿಯ ಬಳಿಯೇ. ಇಷ್ಟೆಲ್ಲ ಆದ ಮೇಲೆ, ಐದು ವರ್ಷ ಮುಖವನ್ನೇ ನೋಡದ ಮಗನಿಗೆ ಅವನು ತರುವ ಉಡುಗೊರೆ ಯಾವುದು? ಒಂದು ಆಟಿಕೆಯ ರೈಲು. ತಾನು ಬಾಲ್ಯದಲ್ಲಿ ಓಡಿಹೋಗಿ ನೋಡಿದ್ದನ್ನೇ ಅಂಗೈಯಗಲ ಮಾಡಿ ತಂದಿದ್ದಾನೆ. ಹುಡುಗ ಅದನ್ನು ಬೇಡವೆನ್ನುತ್ತಾನೆ. ರೇ ಅವರ ದಿಟ್ಟತನ ಇರುವುದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ: ಮೂರು ಚಿತ್ರಗಳಲ್ಲಿ ಕೂಡಿಟ್ಟ ಸಂಕೇತವನ್ನು ಕೊನೆಯಲ್ಲಿ ಮಗುವಿನ ಕೈಗೆ ಕೊಟ್ಟು, ಅದರ ಕೈಯಿಂದಲೇ ತಿರಸ್ಕಾರ ಮಾಡಿಸುತ್ತಾರೆ. ತಂದೆಯ ಬೆರಗು ಮಗನ ಬೆರಗಾಗಬೇಕಿಲ್ಲವಲ್ಲ.

ಕಾಜಲ್ ಎಂಬ ಈ ಹುಡುಗನೂ ಮುದ್ದು ಮಾಡಿಸಿಕೊಳ್ಳುವ ಮಗುವಲ್ಲ. ಮುಖವಾಡ ತೊಟ್ಟು, ಕವಣೆಯಿಂದ ಹಕ್ಕಿ ಹೊಡೆಯುತ್ತ ತೆರೆಯ ಮೇಲೆ ಬರುತ್ತಾನೆ. ನಾನು ನಿನ್ನ ಅಪ್ಪ ಎಂದು ಹತ್ತಿರ ಬಂದವನಿಗೆ ಕಲ್ಲು ಬೀಸುತ್ತಾನೆ. ಅಪ್ಪನೆಂದರೆ ಅವನ ಪಾಲಿಗೆ ಕಲ್ಕತ್ತಾದಲ್ಲಿರುವ, ಒಂದಲ್ಲ ಒಂದು ದಿನ ಬರಲಿರುವ ದೊಡ್ಡ ಮನುಷ್ಯ. ಈ ಗಡ್ಡದ ಅಪರಿಚಿತ ಅವನಾಗಿರಲು ಹೇಗೆ ಸಾಧ್ಯ? ಇತ್ತ ಅಪುವಿಗೂ ಈ ಮಗು ಇಷ್ಟು ಕಾಲ ಬೇಡವಾಗಿತ್ತು. ಮಗು ಹುಟ್ಟಿದ್ದರಿಂದಲೇ ಅಪರ್ಣಾ ಇಲ್ಲವಾದಳೆಂಬ ಕಹಿಯನ್ನು ಅವನು ಒಳಗೇ ಇಟ್ಟುಕೊಂಡಿದ್ದ. ಹೀಗೆ ಒಬ್ಬರನ್ನೊಬ್ಬರು ನಿರಾಕರಿಸಿದ ಇಬ್ಬರ ನಡುವೆ ಅಪ್ಪ ಎಂಬ ಮಾತು ಬಳಕೆಗೆ ಬಾರದ ನಾಣ್ಯವಾಗಿದೆ. ಅದಕ್ಕೇ ಅಪು ಗೆಳೆಯನೆಂಬ ಮಾತನ್ನು ಹಿಡಿಯುತ್ತಾನೆ. ಅದು ಸುಳ್ಳು ಹೌದು, ಆದರೆ ರಕ್ತಸಂಬಂಧದ ಹಕ್ಕನ್ನು ಬಿಟ್ಟುಕೊಟ್ಟವನ ಸುಳ್ಳು. ಐದು ವರ್ಷ ಕಾಣೆಯಾಗಿದ್ದವನಿಗೆ ಆ ಹಕ್ಕು ಕೇಳುವ ಮುಖವಾದರೂ ಎಲ್ಲಿದೆ?

ಮೂಲ ಕಾದಂಬರಿಗಳನ್ನು ಬರೆದ ವಿಭೂತಿಭೂಷಣ ಬಂದ್ಯೋಪಾಧ್ಯಾಯರು ಕತೆಯನ್ನು ಹೀಗೆ ಮುಗಿಸಿರಲಿಲ್ಲ. ಅಲ್ಲಿ ಅಪು ಮಗನನ್ನು ಹುಟ್ಟೂರಿಗೆ ಕರೆತಂದು, ಬಾಲ್ಯದ ಒಡನಾಡಿ ರಾಣಿಯ ಆರೈಕೆಗೆ ಒಪ್ಪಿಸಿ, ತಾನು ದೂರದೇಶಗಳ ಪಯಣಕ್ಕೆ ಹೊರಡುತ್ತಾನೆ. ಕಾದಂಬರಿಯ ಆ ಅಂತ್ಯ ದಾರಿಯ ಕರೆಗೆ ನಿಷ್ಠವಾದದ್ದು, ಅದರ ಚೆಲುವೇ ಬೇರೆ. ರೇ ಅವರ ಅಪುವೂ ದಾರಿಯ ಮನುಷ್ಯನೇ, ಆದರೆ ಅವನು ಮಗುವನ್ನು ಬಿಟ್ಟು ಹೋಗುವುದಿಲ್ಲ.

ಕಾಜಲ್‌ನ ಅಜ್ಜ ದೂರದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಾರೆ. ಮಗಳು ಹೋದಳು, ಈಗ ಮೊಮ್ಮಗನೂ ಹೊರಟ. ತ್ರಯದ ಕೊನೆಯ ಅಗಲಿಕೆ ಆ ಮುದುಕರ ಪಾಲಿಗೆ ಬಂದಿದೆ, ನಾವು ಅದನ್ನು ಗಮನಿಸುವುದು ಕಡಿಮೆ. ನಮ್ಮ ಕಣ್ಣೆಲ್ಲ ಹೆಗಲ ಮೇಲಿನ ಹುಡುಗನ ಮೇಲೆ. ಅವನು ನಗುತ್ತಿದ್ದಾನೆ. ತನ್ನನ್ನು ಹೊತ್ತು ನಡೆಯುತ್ತಿರುವ ಈ ಗೆಳೆಯ, ಕಲ್ಕತ್ತಾದಲ್ಲಿರುವ ಅಪ್ಪನ ಬಳಿಗೆ ಕರೆದುಕೊಂಡು ಹೋಗುತ್ತಾನೆ ಎಂದೇ ಅವನು ಇನ್ನೂ ನಂಬಿದ್ದಾನೆ.